ಅನ್ನ ಎಷ್ಟು ಬೇಕು? ಕೈ ನೋಡಿ ಬಡಿಸಿಕೊಳ್ಳಿ

ಎಲ್ಲರಿಗೂ ನಮಸ್ಕಾರ. ನಮ್ಮ ಕಾಸರಗೋಡಿನ ಮನೆಗಳಲ್ಲಿ ಬಟ್ಟಲು (ಊಟದ ತಟ್ಟೆ) ತುಂಬ ಕುಚ್ಚಿಲಕ್ಕಿ ಅನ್ನ, ಮೂಲೆಯಲ್ಲಿ ಒಂದು ಚಮಚ ಪಲ್ಯ. ದಯವಿಟ್ಟು ಈ ಕ್ರಮ ಬದಲಿಸಿ. ಮೊದಲು ಅರ್ಧ ಬಟ್ಟಲು ಅಲಸಂಡೆ, ತೊಂಡೆಕಾಯಿ, ಹರಿವೆ ಏನಿದೆಯೋ ಅದು. ಆಮೇಲೆ ನಿಮ್ಮ ಮುಷ್ಟಿಯಷ್ಟು ಅನ್ನ. ಸಾಲದಿದ್ದರೆ ಸ್ವಲ್ಪ ತಡೆದು ಹಾಕಿಸಿಕೊಳ್ಳಿ, ಹೊಟ್ಟೆ ತುಂಬಿದ್ದು ಗೊತ್ತಾಗಲು ಸುಮಾರು 20 ನಿಮಿಷ ಬೇಕು. ಮೀನಾದರೆ ಬೆರಳು ಬಿಟ್ಟು ಅಂಗೈಯಗಲ. ತುಪ್ಪ, ತೆಂಗಿನೆಣ್ಣೆ ಹೆಬ್ಬೆರಳ ತುದಿಯಷ್ಟು. ಕಾಯಿ ಅರೆದ ಗಸಿಯಲ್ಲೂ ಕೊಬ್ಬಿದೆ, ಅದನ್ನು ಲೆಕ್ಕಕ್ಕೆ ಹಿಡಿಯುವವರೇ ಕಡಿಮೆ.

ಮಕ್ಕಳಿಗೆ ಅವರವರ ಕೈಯೇ ಅಳತೆ, ಅಮ್ಮನ ಕೈಯಲ್ಲ. ತೋಟದಲ್ಲಿ ದಿನವಿಡೀ ದುಡಿಯುವವರಿಗೆ ಇನ್ನೊಂದು ಮುಷ್ಟಿ ಅನ್ನ ಬೇಕೇ ಬೇಕು. ಸಕ್ಕರೆ ಕಾಯಿಲೆ ಇರುವವರು ಡಾಕ್ಟರು ಹೇಳಿದ ಅಳತೆ ಬಿಡಬೇಡಿ. ಸಂಶಯವಿದ್ದರೆ ಇಲ್ಲೇ ಕೇಳಿ.