ಇಳಿಜಾರು ಕಟ್ಟಿದ್ದಾರೆ, ಹತ್ತುವುದು ಹೇಗೆ?

ಮಾನ್ಯ ಸಂಪಾದಕರೇ,

ಕೊಡಗಿನ ನಾಡಕಚೇರಿ, ಪಂಚಾಯಿತಿ, ಬ್ಯಾಂಕುಗಳ ಮೆಟ್ಟಿಲ ಪಕ್ಕ ಈಗ ಒಂದು ಸಿಮೆಂಟಿನ ಇಳಿಜಾರು ಕಾಣುತ್ತದೆ. ಕಡತದಲ್ಲಿ ‘ರ‍್ಯಾಂಪ್ ಇದೆ’ ಎಂದು ಬರೆದೂ ಆಗಿರುತ್ತದೆ. ಆದರೆ ಎಷ್ಟೋ ಕಡೆ ಅದರ ಮೇಲೆ ಗಾಲಿಕುರ್ಚಿ ಏರುವುದಿಲ್ಲ, ಬೈಕ್ ಮಾತ್ರ ಏರುತ್ತದೆ.

ಲೆಕ್ಕ ಸುಲಭ. ಒಂದಡಿ ಎತ್ತರಕ್ಕೆ ಹನ್ನೆರಡು ಅಡಿ ಉದ್ದ. ಆರಿಂಚಿನ ಮೂರು ಮೆಟ್ಟಿಲೆಂದರೆ ಒಂದೂವರೆ ಅಡಿ, ಅಂದರೆ 18 ಅಡಿ ಇಳಿಜಾರು ಬೇಕು. ಜಾಗವಿಲ್ಲವೆಂದು ಅದನ್ನು ಆರೇ ಅಡಿಯಲ್ಲಿ ಮುಗಿಸಿದರೆ ಹತ್ತುವಾಗ ಮುಂದಿನ ಪುಟ್ಟ ಗಾಲಿಗಳು ಮೇಲೆದ್ದು ಕುರ್ಚಿ ಹಿಂದಕ್ಕೆ ಮಗುಚುತ್ತದೆ, ಇಳಿಯುವಾಗ ಕೂತವರೇ ಮುಂದಕ್ಕೆ ಜಾರುತ್ತಾರೆ. ಗುಡ್ಡ ಕಡಿದು ಕಟ್ಟಿದ ಕಟ್ಟಡದ ಮುಂದೆ ನೇರ 18 ಅಡಿ ಸಿಗದು, ಒಪ್ಪೋಣ. ಪಕ್ಕದ ಗೋಡೆಗುಂಟ ಒಂಬತ್ತಡಿ ಏರಿಸಿ, ಮೂಲೆಯಲ್ಲಿ ಐದಡಿ ಚೌಕದ ಸಮತಟ್ಟು ಬಿಟ್ಟು, ಉಳಿದ ಒಂಬತ್ತಡಿಯನ್ನು ಮುಂಗೋಡೆಗುಂಟ ಬಾಗಿಲಿಗೆ ತಂದರೆ ಆಯಿತು. ಅಗಲ ನಾಲ್ಕಡಿ ಇರಲಿ. ಬಾಗಿಲ ಮುಂದೆಯೂ ಐದಡಿ ಸಮತಟ್ಟು ಬೇಕು. ಇಳಿಜಾರಿನಲ್ಲೇ ನಿಂತು ಒಂದು ಕೈಯಲ್ಲಿ ಗಾಲಿ ತಡೆದು ಇನ್ನೊಂದರಲ್ಲಿ ಬಾಗಿಲು ಎಳೆಯುವುದು ಯಾರಿಂದಲೂ ಆಗದು.

ಅಳತೆ ಸರಿಯಿದ್ದರೂ ನಮ್ಮ ಮಳೆ ಬಿಡುವುದಿಲ್ಲ. ಮಾರ್ಚ್ ಕೊನೆಯೊಳಗೆ ಬಿಲ್ ಆಗಬೇಕೆಂದು ಅವಸರದಲ್ಲಿ ಮುಗಿಸಿದ ಕೆಲಸಕ್ಕೆ ಮೇಸ್ತ್ರಿ ಕರಣೆಯಿಂದ ನಯವಾಗಿ ಉಜ್ಜಿ ಹೊಳಪು ಕೊಟ್ಟಿರುತ್ತಾನೆ. ನೋಡಲು ಚೆಂದ. ಜೂನ್‌ನಲ್ಲಿ ಮಳೆ ಹಿಡಿದು, ಜುಲೈ ನಡುವಿನಲ್ಲಿ ಕಕ್ಕಡ ಮಾಸ ಬರುವಷ್ಟರಲ್ಲಿ ಅದರ ಮೇಲೆ ಹಸಿರು ಪಾಚಿ. ಊರುಗೋಲಿನ ತುದಿಯ ರಬ್ಬರು ಸವೆದಿದ್ದರಂತೂ ಮೊದಲ ಹೆಜ್ಜೆಗೇ ಜಾರುತ್ತದೆ. ಸಿಮೆಂಟ್ ಹಸಿ ಇರುವಾಗಲೇ ಕಡ್ಡಿಪೊರಕೆಯಿಂದ ಅಡ್ಡಡ್ಡ ಗೆರೆ ಎಳೆದರೆ ಹಿಡಿತ ಸಿಗುತ್ತದೆ. ಇದಕ್ಕೆ ಒಂದು ಪೈಸೆಯ ಖರ್ಚಿಲ್ಲ. ಮೇಲೊಂದು ಶೀಟಿನ ಮಾಡು ಕೂಡ ಬೇಕು. ಎರಡೂ ಕೈಯಲ್ಲಿ ಗಾಲಿ ತಿರುಗಿಸುವವರು ಕೊಡೆ ಹಿಡಿಯುವುದು ಯಾವ ಕೈಯಲ್ಲಿ?

ಹಿಡಿದುಕೊಳ್ಳುವ ಕಂಬಿ ಎರಡೂ ಬದಿಗೆ ಇರಬೇಕು. ಪಾರ್ಶ್ವವಾಯು ಆದವರಿಗೆ ಹತ್ತುವಾಗ ಎಟುಕಿದ ಕಂಬಿ ಇಳಿಯುವಾಗ ಸ್ವಾಧೀನವಿಲ್ಲದ ಕೈಯ ಕಡೆಗೆ ಬಂದಿರುತ್ತದೆ. ಹಾಗೆಂದು ಮೆಟ್ಟಿಲು ಒಡೆಯಬೇಡಿ. ಊರುಗೋಲು ಹಿಡಿದ ಅನೇಕರಿಗೆ ಇಳಿಜಾರಿಗಿಂತ ಕಂಬಿಯಿರುವ ಮೆಟ್ಟಿಲೇ ಅನುಕೂಲ.

ಕಷ್ಟಪಟ್ಟು ಮೇಲೆ ಬಂದವರನ್ನು ಎರಡಿಂಚಿನ ಹೊಸ್ತಿಲು ತಡೆಯುತ್ತದೆ. ಕೆಳಗೆ ಚರಂಡಿಯ ಜಾಲರಿ. ಅದರ ಸರಳುಗಳು ನಡೆಯುವ ದಿಕ್ಕಿಗೇ ಉದ್ದಕ್ಕಿದ್ದರೆ ಮುಂಗಾಲಿ ನಡುವೆ ಸಿಕ್ಕಿಬೀಳುತ್ತದೆ. ಜಾಲರಿಯನ್ನು ಅಡ್ಡ ತಿರುಗಿಸಿ ಹಾಕಿ, ಸಂದು ಅರ್ಧ ಇಂಚು ಮೀರದಂತೆ ನೋಡಿಕೊಂಡರೆ ಸಾಕು. ಒಳಗಿನ ಕೌಂಟರ್, ಹಳೇ ಕಡತ ತುಂಬಿಟ್ಟ ಅಂಗವಿಕಲರ ಶೌಚಾಲಯ ಇವೆಲ್ಲ ಬೇರೆಯೇ ಪುರಾಣ.

ಕೆಎಸ್‌ಆರ್‌ಟಿಸಿಯ ರಿಯಾಯಿತಿ ಪಾಸ್ ಖಾಸಗಿ ಬಸ್ಸಿನಲ್ಲಿ ನಡೆಯದು. ನಮ್ಮ ಎಷ್ಟೋ ಊರಿಗೆ ಬರುವುದು ಖಾಸಗಿ ಬಸ್ಸೇ. ಹಾಗಾಗಿ ಆಟೋ ಬಾಡಿಗೆ ಕೊಟ್ಟು ಪಿಂಚಣಿಯ ಕೆಲಸಕ್ಕೆ ಬಂದವರು ಬಾಗಿಲಿಂದಲೇ ಹಿಂತಿರುಗಿದರೆ ಆ ತಿಂಗಳ ಪಿಂಚಣಿಯಲ್ಲಿ ಒಂದು ಪಾಲು ಹೋದಂತೆ.

2016ರ ಅಂಗವಿಕಲ ವ್ಯಕ್ತಿಗಳ ಹಕ್ಕುಗಳ ಕಾಯ್ದೆಯ ನಿಯಮಗಳು ಬಂದದ್ದು 2017ರ ಜೂನ್‌ನಲ್ಲಿ. ಇರುವ ಸಾರ್ವಜನಿಕ ಕಟ್ಟಡಗಳನ್ನು ಸರಿಪಡಿಸಲು ಕಾಯ್ದೆ ಕೊಟ್ಟ ಐದು ವರ್ಷ 2022ಕ್ಕೇ ಮುಗಿದಿದೆ. ಇಂಥ ಮಾನದಂಡಗಳು ಬರೀ ಸಲಹೆಯಾಗಿ ಉಳಿಯಬಾರದು, ಕಡ್ಡಾಯವಾಗಬೇಕು ಎಂದು ಸುಪ್ರೀಂ ಕೋರ್ಟ್ 2024ರ ನವೆಂಬರ್‌ನಲ್ಲಿ ಹೇಳಿದೆ.

ಪಂಚಾಯಿತಿಗಳಲ್ಲಿ ಅಂಗವಿಕಲರಿಗೆಂದು ಮೀಸಲಿಡುವ ಶೇ 5ರ ಹಣವಿದೆ, ಗ್ರಾಮೀಣ ಪುನರ್ವಸತಿ ಕಾರ್ಯಕರ್ತರಿದ್ದಾರೆ. ಗುತ್ತಿಗೆದಾರರ ಬಿಲ್ ಪಾಸ್ ಮಾಡುವ ಮೊದಲು ಎಂಜಿನಿಯರ್ ಆ ಕಾರ್ಯಕರ್ತರ ಎದುರು ಟೇಪ್ ಹಿಡಿದು ಎತ್ತರ, ಉದ್ದ ಅಳೆಯಲಿ. ಇಳಿಜಾರಿನ ಮೇಲೆ ಒಂದು ಬಕೆಟ್ ನೀರು ಸುರಿದು, ಊರಿನಲ್ಲಿ ಗಾಲಿಕುರ್ಚಿ ಬಳಸುವ ಒಬ್ಬರನ್ನು ಕರೆದು, ಹಿಂದೆ ಆಸರೆಗೆ ಒಬ್ಬರನ್ನು ನಿಲ್ಲಿಸಿ ಹತ್ತಿಳಿಯಲು ಕೇಳಲಿ. ಅವರು ಆಗದು ಎಂದರೆ ಬಿಲ್ ತಡೆಹಿಡಿಯಲಿ.

– ಓದುಗರೊಬ್ಬರು, ವಿರಾಜಪೇಟೆ