ಮಗಳಿಗೊಂದು ಪತ್ರ: ಲಾರ್ಕ್ ಅಂದರೆ ಹಕ್ಕಿ, ಲಾರ್ಕ್ ಅಂದರೆ ಆಟ

ಪ್ರೀತಿಯ ಪುಟ್ಟಿ,

ನಿನ್ನ ಆಫೀಸಿನವರು ಫೆಬ್ರುವರಿ ಚಳಿಯಲ್ಲಿ ಸಮುದ್ರಕ್ಕಿಳಿದರಂತೆ. ಯಾಕೆ ಅಂದರೆ ‘ಫಾರ್ ಎ ಲಾರ್ಕ್’ ಅಂದರಂತೆ. ಲಾರ್ಕ್ ಹಕ್ಕಿ ಅಲ್ವಾ ಅಪ್ಪಾ, ಅದು ಇಲ್ಲಿಗೆ ಯಾಕೆ ಬಂತು ಅಂತ ಕೇಳಿದ್ದೀಯ. ಫೋನಿನಲ್ಲಿ ಹೇಳಿದರೆ ಅರ್ಧಂಬರ್ಧ ಆಗುತ್ತದೆ. ಅದಕ್ಕೇ ಬರೆಯುತ್ತಿದ್ದೇನೆ.

ಅವರು ಹೇಳಿದ್ದು ಇಷ್ಟೇ: ಸುಮ್ನೆ, ಮೋಜಿಗೆ. ಕೆಲಸ ಬಿಟ್ಟು ಕುಣಿದಾಡುವುದು ‘ಲಾರ್ಕಿಂಗ್ ಅಬೌಟ್’. ಬೆಳಗಿನ ಜಾವ ಏಳುವ ನಿನ್ನ ಅಮ್ಮನಂಥವರನ್ನೂ ಲಾರ್ಕ್ ಅನ್ನುತ್ತಾರೆ.

ಹಕ್ಕಿಯ ಹೆಸರು ಬಹಳ ಹಳೆಯದು. ಅದರ ಉದ್ದನೆಯ ರೂಪ ‘ಲ್ಯಾವರಾಕ್’ ಸ್ಕಾಟ್ಲೆಂಡಿನ ಮಾತಿನಲ್ಲಿ ಉಳಿದಿದೆ. ಮೋಜಿನ ಅರ್ಥ ಬರಹದಲ್ಲಿ ಕಾಣಿಸಿಕೊಂಡದ್ದು 1800ರ ನಂತರ. ಅದು ಎಲ್ಲಿಂದ ಬಂತು ಅನ್ನುವುದರಲ್ಲಿ ನಿಘಂಟು ಮಾಡುವವರಿಗೇ ಒಮ್ಮತವಿಲ್ಲ. ಕೆಲವರು ಹಡಗುಗಳ ಕಡೆ ಕೈ ತೋರಿಸುತ್ತಾರೆ. ಆಗಿನ ನಾವಿಕರು ಬಿಡುವಿದ್ದಾಗ ಹಾಯಿಯ ಹಗ್ಗಗಳನ್ನು ಹತ್ತಿ ಇಳಿದು ಆಡುತ್ತಿದ್ದರು. ಅದಕ್ಕೆ ‘ಸ್ಕೈಲಾರ್ಕಿಂಗ್’ ಅಂತ ಹೆಸರು. ಸ್ಕೈಲಾರ್ಕ್ ಅಂದರೆ ಆಕಾಶಕ್ಕೇರಿ ಹಾಡುವ ಲಾರ್ಕ್ ಹಕ್ಕಿ. ಇನ್ನು ಕೆಲವರು ನೀನಿರುವ, ಇಂಗ್ಲೆಂಡಿನ ಉತ್ತರದ ಯಾರ್ಕ್‌ಶೈರ್‌ಗೇ ಬರುತ್ತಾರೆ. ಅಲ್ಲಿಯ ಆಡುಮಾತಿನಲ್ಲಿ ಆಟವಾಡುವುದಕ್ಕೆ ‘ಲೇಕ್’ ಅನ್ನುತ್ತಾರೆ. ಅದೇ ಲಾರ್ಕ್ ಆಯಿತು ಅಂತ ಅವರ ಊಹೆ. ಹಿಂದೆ ಸ್ಕ್ಯಾಂಡಿನೇವಿಯಾದಿಂದ ಬಂದ ವೈಕಿಂಗರು ಬಿಟ್ಟುಹೋದ ಪದ ಲೇಕ್. ನಿನ್ನ ಮಗ ಮನೆತುಂಬ ಹರಡುವ ಲೆಗೊ ಇದೆಯಲ್ಲ, ಅದರ ಹೆಸರೂ ಅದೇ ಬೇರಿನದು. ಡೇನಿಷ್ ಭಾಷೆಯ ‘ಲೈ ಗಾಟ್’, ಅಂದರೆ ಚೆನ್ನಾಗಿ ಆಡು, ಅನ್ನುವುದರಿಂದ ಬಂದದ್ದು.

ನನಗೆ ಹಡಗಿನ ಕಥೆಯೇ ಹೆಚ್ಚು ಇಷ್ಟ. ಯಾಕೆ ಅಂದರೆ ಆ ಹಕ್ಕಿ ಹಾಗೇ ಇದೆ. ನೋಡಲು ಗುಬ್ಬಿಗಿಂತ ತುಸು ದೊಡ್ಡದು, ಮಣ್ಣಿನ ಬಣ್ಣ, ತಲೆ ಮೇಲೆ ಸಣ್ಣ ಜುಟ್ಟು. ನೆಲದಲ್ಲಿ ಕೂತರೆ ಕಣ್ಣಿಗೇ ಬೀಳುವುದಿಲ್ಲ. ಗಂಡು ಹಕ್ಕಿ ಹೊಲದಿಂದ ನೆಟ್ಟಗೆ ಮೇಲೇರುತ್ತದೆ. ಏರುತ್ತಲೇ ಹಾಡು ಶುರು. ನೂರು ಮೀಟರ್‌ವರೆಗೂ ಹೋಗಿ, ಒಂದು ಚುಕ್ಕೆಯಾಗಿ ನಿಂತು, ನಿಮಿಷಗಟ್ಟಲೆ ಹಾಡುತ್ತದೆ. ಬೇರೆ ಹಕ್ಕಿಗಳು ಕೊಂಬೆಯ ಮೇಲೆ ಕೂತು ಹಾಡಿದರೆ ಇದು ರೆಕ್ಕೆ ಬಡಿಯುತ್ತಲೇ ಹಾಡಬೇಕು. ಎಂಥ ಉಸಿರು ನೋಡು! ಇಂಗ್ಲಿಷ್ ಕವಿ ಶೆಲ್ಲಿ ಈ ಹಕ್ಕಿಯ ಮೇಲೆ ಕವಿತೆ ಬರೆದದ್ದು 1820ರಲ್ಲಿ, ಇಟಲಿಯ ಲಿವೋರ್ನೊ ಊರಿನ ಹತ್ತಿರ ಇದರ ಹಾಡು ಕೇಳಿ.

ಆದರೆ ನಾನು ನಿನಗೆ ಹೇಳಲೇಬೇಕು ಅಂದುಕೊಂಡದ್ದು ಬೇರೆ. ಮರ್ಲಿನ್ ಎಂಬ ಪುಟ್ಟ ಚಾಣ ಈ ಹಕ್ಕಿಯನ್ನು ಅಟ್ಟಿಸಿಕೊಂಡು ಬರುತ್ತದೆ. ಆಗಲೂ ಕೆಲವು ಲಾರ್ಕ್‌ಗಳು ಹಾಡುತ್ತವೆ, ಪ್ರಾಣಕ್ಕಾಗಿ ಹಾರುತ್ತಿರುವಾಗಲೇ! ಸ್ಕಾಟ್ಲೆಂಡಿನ ಕರಾವಳಿಯಲ್ಲಿ ಇದನ್ನು ಗಮನಿಸಿ ನೋಡಿದ್ದಾರೆ. ಚೆನ್ನಾಗಿ ಹಾಡುವ ಹಕ್ಕಿಯನ್ನು ಚಾಣ ಬೇಗ ಕೈಬಿಡುತ್ತದಂತೆ. ಇಷ್ಟು ಉಸಿರು ಉಳಿದಿರುವ ಹಕ್ಕಿ ನನಗೆ ಸಿಗುವುದಿಲ್ಲ ಅಂತ ಅದಕ್ಕೆ ಗೊತ್ತಾಗುತ್ತದೆ. ಆಟ, ಮೋಜು ಅಂದರೆ ಕೆಲಸವಿಲ್ಲದವರದ್ದು ಅಂತ ಯಾರಾದರೂ ಅಂದರೆ ನನಗೆ ಈ ಹಕ್ಕಿ ನೆನಪಾಗುತ್ತದೆ. ಕಳೆದ ವರ್ಷದಿಂದ ನೀನು ಕೆಲಸದಲ್ಲೇ ಮುಳುಗಿದ್ದೀಯ. ಅವರು ಸಮುದ್ರಕ್ಕೆ ಕರೆದಾಗ ದಡದಲ್ಲೇ ನಿಂತೆ ಅಂದೆಯಲ್ಲ, ಅದು ನನ್ನ ಮನಸ್ಸಿನಲ್ಲೇ ಉಳಿದಿದೆ.

ಇನ್ನೊಂದು ಸಂಗತಿ. ಬ್ರಿಟನ್ನಿನಲ್ಲಿ 1970ರ ದಶಕದಿಂದ ಈಚೆಗೆ ಈ ಹಕ್ಕಿಗಳು ಅರ್ಧಕ್ಕಿಂತ ಜಾಸ್ತಿ ಕಡಿಮೆಯಾಗಿವೆ. ಮುಂಚೆ ಧಾನ್ಯದ ಬೆಳೆಗಳನ್ನು ಹೆಚ್ಚಾಗಿ ವಸಂತದಲ್ಲಿ ಬಿತ್ತುತ್ತಿದ್ದರು. ಈಗ ಹೆಚ್ಚಾಗಿ ಚಳಿಗಾಲಕ್ಕೆ ಮುಂಚೆಯೇ ಬಿತ್ತುತ್ತಾರೆ. ಹಕ್ಕಿ ಎರಡನೇ ಸಲ ಗೂಡು ಕಟ್ಟುವ ಹೊತ್ತಿಗೆ ಪೈರು ಎತ್ತರವಾಗಿ, ದಟ್ಟವಾಗಿ, ನೆಲಕ್ಕಿಳಿಯಲು ಜಾಗವೇ ಇರುವುದಿಲ್ಲ. ಕೆಲವು ರೈತರು ಹೊಲದ ನಡುವೆ ಅಲ್ಲಲ್ಲಿ ಒಂದು ಕೋಣೆಯಷ್ಟು ಜಾಗ ಬಿತ್ತದೆ ಬಿಡುತ್ತಾರೆ. ಅಷ್ಟು ಬಿಟ್ಟರೂ ಮರಿಗಳು ಹೆಚ್ಚು ಉಳಿಯುತ್ತವೆ. ಆ ರೈತರಿಗೆ ನಾನು ಇಲ್ಲಿಂದಲೇ ಕೈ ಮುಗಿಯುತ್ತೇನೆ.

ಏಪ್ರಿಲ್‌ನಲ್ಲಿ ಒಂದು ಭಾನುವಾರ ಮಗುವನ್ನು ಕರೆದುಕೊಂಡು ಹೊಲದ ಕಡೆ ಹೋಗು. ಮರಗಳಿಲ್ಲದ ಬಯಲು ಆಗಬೇಕು. ಕಾಲುದಾರಿ ಬಿಟ್ಟು ಇಳಿಯಬೇಡಿ, ಗೂಡು ನೆಲದಲ್ಲೇ ಇರುತ್ತದೆ. ಮೊದಲು ಹಾಡು ಕೇಳಿಸುತ್ತದೆ, ಹಕ್ಕಿಯನ್ನು ಆಮೇಲೆ ಹುಡುಕಬೇಕು. ಮಗುವಿನ ಕಣ್ಣು ಚುರುಕು, ಅವನೇ ನಿನಗೆ ತೋರಿಸಲಿ. ಮತ್ತೆ ಅವರು ಸಮುದ್ರಕ್ಕೆ ಕರೆದರೆ ಈ ಸಲ ಹೂಂ ಅನ್ನು. ಟವೆಲ್ ಮಾತ್ರ ಮರೆಯಬೇಡ.

ನಿನ್ನ ಅಪ್ಪ