ಕೀಲುನೋವಿನ ಮಾತಿಗೂ ಕಿವಿಗೊಡಲಿ

ಮಾನ್ಯರೇ,

ಸ್ತನ ಕ್ಯಾನ್ಸರ್‌ನ ಶಸ್ತ್ರಚಿಕಿತ್ಸೆ, ಕಿಮೊಥೆರಪಿ ಎಲ್ಲ ಮುಗಿದು ಮನೆಯವರು ನೆಮ್ಮದಿಯ ಉಸಿರು ಬಿಡುವ ಹೊತ್ತಿಗೆ ಅನೇಕ ಮಹಿಳೆಯರಿಗೆ ಕೀಲುನೋವು ಶುರುವಾಗುತ್ತದೆ. ಮುಟ್ಟು ನಿಂತವರಿಗೆ ಕ್ಯಾನ್ಸರ್ ಮರುಕಳಿಸದಿರಲೆಂದು 5ರಿಂದ 10 ವರ್ಷಗಳವರೆಗೆ ಕೊಡುವ ಲೆಟ್ರೊಜೋಲ್, ಅನಾಸ್ಟ್ರೊಜೋಲ್‌ನಂಥ ಮಾತ್ರೆಗಳು ದೇಹದಲ್ಲಿನ ಈಸ್ಟ್ರೊಜೆನ್ ಎಂಬ ಸ್ತ್ರೀ ಹಾರ್ಮೋನಿನ ಪ್ರಮಾಣವನ್ನು ತೀರಾ ತಗ್ಗಿಸುವುದರಿಂದ, ಬೆಳಿಗ್ಗೆ ಎದ್ದಾಗ ಬೆರಳು ಮಡಚಲಾಗದೆ, ಹಾಲಿನ ಪ್ಯಾಕೆಟ್ ತೆರೆಯಲು ಕತ್ತರಿಯನ್ನೂ ಹಿಡಿಯಲಾಗದ ಸ್ಥಿತಿ ಬರಬಹುದು, ನನಗೂ ಬಂದಿದೆ. ಹೊರರೋಗಿ ವಿಭಾಗದ ನೂಕುನುಗ್ಗಲಿನಲ್ಲಿ ಇದನ್ನು ಹೇಳಿಕೊಂಡಾಗ ಸಿಕ್ಕ ಉತ್ತರ, ‘ವಯಸ್ಸಾಯಿತಲ್ಲಮ್ಮ’. ವಯಸ್ಸು ಹೀಗೆ ದಿಢೀರನೆ ಆಗುವುದುಂಟೇ?

ನೋವು ತಾಳಲಾರದೆ ಯಾರಿಗೂ ಹೇಳದೆ ಮಾತ್ರೆ ಬಿಟ್ಟುಬಿಡುವವರಿದ್ದು, ಅದರಿಂದ ಕ್ಯಾನ್ಸರ್ ಮರುಕಳಿಸುವ ಅಪಾಯ ಹೆಚ್ಚುತ್ತದೆ. ವೈದ್ಯರು ಗಮನ ಕೊಟ್ಟರೆ ಅದೇ ಗುಂಪಿನ ಬೇರೆ ಮಾತ್ರೆಗೆ ಬದಲಿಸಬಹುದು, ವಿಟಮಿನ್ ಡಿ ಮಟ್ಟವನ್ನೂ ಮೂಳೆ ಸಾಂದ್ರತೆಯನ್ನೂ ಪರೀಕ್ಷಿಸಬಹುದು. ನಿಯಮಿತ ನಡಿಗೆ ಮತ್ತು ಸ್ನಾಯು ಬಲಪಡಿಸುವ ವ್ಯಾಯಾಮದಿಂದ ನೋವು ಇಳಿಯುವುದು ಅಧ್ಯಯನಗಳಲ್ಲಿ ಕಂಡುಬಂದಿದೆ. ಲಾಲ್‌ಬಾಗ್‌ನ ಬೆಳಗಿನ ನಡಿಗೆ ನನಗಂತೂ ನೋವಿನ ಮುಲಾಮಿಗಿಂತ ಹೆಚ್ಚು ಅನುಕೂಲ ಮಾಡಿದೆ. ನಗರದ ಕ್ಯಾನ್ಸರ್ ಆಸ್ಪತ್ರೆಗಳು ಮಾತ್ರೆ ಬರೆದುಕೊಡುವ ದಿನವೇ ಈ ಅಡ್ಡಪರಿಣಾಮವನ್ನು ಕನ್ನಡದಲ್ಲಿ ವಿವರಿಸಿ, ಅಗತ್ಯವಿದ್ದವರನ್ನು ಫಿಸಿಯೊಥೆರಪಿಗೆ ಕಳುಹಿಸುವ ಏರ್ಪಾಡು ಮಾಡಬೇಕು.

– ಓದುಗರು, ಬಸವನಗುಡಿ, ಬೆಂಗಳೂರು